ಬೆಚ್ಚನೆಯ ನೆಲಕ್ಕೆ ತಂತಿಗಿಂತ ಮೊದಲು ಬೋರ್ಡು

ಬ್ರಿಟನ್ನಿನಲ್ಲಿ ಬಚ್ಚಲುಮನೆ ರಿಪೇರಿಗೆ ಕೈ ಹಾಕಿದ ಕನ್ನಡಿಗರು ಟೈಲ್ಸ್ ಕೆಳಗೆ ವಿದ್ಯುತ್ ಹೀಟಿಂಗ್ ಹಾಕಿಸುವ ಯೋಚನೆ ಮಾಡುವುದುಂಟು. ಮೊಬೈಲಿನಿಂದ ನಡೆಸುವ ಥರ್ಮೋಸ್ಟ್ಯಾಟ್ ಕಣ್ಣಿಗೆ ಚೆಂದ ಕಾಣುತ್ತದೆ, ನಿಜ. ಆದರೆ ಮೊದಲ ಖರ್ಚು ತಂತಿಯ ಕೆಳಗಿನ ಇನ್ಸುಲೇಷನ್ ಬೋರ್ಡಿಗೇ ಹೋಗಲಿ.

ತಂತಿಯ ಶಾಖ ಮೇಲಕ್ಕೂ ಹೋಗುತ್ತದೆ, ಕೆಳಕ್ಕೂ ಇಳಿಯುತ್ತದೆ. ಕೆಳಗೆ ಬರೀ ಕಾಂಕ್ರೀಟ್ ಇದ್ದರೆ ಮೊದಲು ಕಾಯುವುದು ಅದು. ನಿಮ್ಮ ಪಾದಕ್ಕೆ ಬಿಸಿ ತಾಗುವಷ್ಟರಲ್ಲಿ ನೀವು ಆಫೀಸಿಗೆ ಹೊರಟಾಗಿರುತ್ತದೆ. ಇದನ್ನು ತಡೆಯಲು ಎರಡೂ ಬದಿಗೆ ಸಿಮೆಂಟ್ ಲೇಪಿಸಿದ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಬೋರ್ಡು 6, 10 ಮಿ.ಮೀ. ದಪ್ಪದಲ್ಲಿ ಸಿಗುತ್ತದೆ. ನೆಲ ಏರಿದರೂ ಬಾಗಿಲು ಉಜ್ಜುವುದಿಲ್ಲ ಎಂದಾದರೆ 10ರದ್ದನ್ನೇ ಹಾಕಿಸಿ.

ತಂತಿ ಜಾಲರಿಗೆ ಅಂಟಿಸಿದ ಮ್ಯಾಟ್ ಆಗಿ ಬರುತ್ತದೆ. ಟೈಲ್ಸ್ ಬಚ್ಚಲಿಗೆ ಚದರ ಮೀಟರಿಗೆ 150 ವ್ಯಾಟ್ ಸಾಕು. ಮೂಲೆ ಮುರುಕುಗಳ ಕೋಣೆಯಾದರೆ ಬಿಡಿ ಕೇಬಲ್ ವಾಸಿ. ಅಳತೆ ಹಿಡಿಯುವಾಗ ಟಬ್, ಕಮೋಡ್, ಕಬೋರ್ಡುಗಳ ಜಾಗ ಬಿಟ್ಟುಬಿಡಿ. ಅವುಗಳ ಅಡಿಯಲ್ಲಿ ಶಾಖ ಸಿಕ್ಕಿಕೊಂಡರೆ ತಂತಿ ಕೆಡುತ್ತದೆ. ಜಾಲರಿಯನ್ನು ಕತ್ತರಿಸಿ ಮ್ಯಾಟ್ ತಿರುಗಿಸಬಹುದು, ಹೀಟಿಂಗ್ ತಂತಿಯನ್ನು ಮಾತ್ರ ಕತ್ತರಿಸುವಂತಿಲ್ಲ. ಹಾಗಾಗಿ ಸರಿಯಾದ ಅಳತೆಯದು ಸಿಗದಿದ್ದರೆ ತುಸು ಚಿಕ್ಕದನ್ನೇ ಕೊಳ್ಳಿ.

3 ಚದರ ಮೀಟರ್ ಮ್ಯಾಟ್ ಎಂದರೆ 450 ವ್ಯಾಟ್. 230 ವೋಲ್ಟಿನ ಲೆಕ್ಕಕ್ಕೆ ಮಲ್ಟಿಮೀಟರು ಸುಮಾರು 118 ಓಮ್ ತೋರಿಸಬೇಕು. ಪೆಟ್ಟಿಗೆ ಬಿಚ್ಚಿದಾಗ, ಮ್ಯಾಟ್ ಹಾಸಿದ ಮೇಲೆ, ಟೈಲ್ಸ್ ಕೂರಿಸಿದ ಮೇಲೆ, ಹೀಗೆ ಮೂರು ಸಲ ಅಳೆದು ಬರೆದಿಡಿ. ಎರಡನೆಯ ಸಲ ಅಂಕಿ ಏರುಪೇರಾದರೆ ಟೈಲ್ಸ್ ಕೆಲಸ ಅಲ್ಲಿಗೇ ನಿಲ್ಲಿಸಿ. ನೆಲದ ಸೆನ್ಸರನ್ನು ಎರಡು ತಂತಿಗಳ ನಡುವೆ, ಸಣ್ಣ ಪೈಪಿನೊಳಗೆ ಇಡಿಸಿ. ಮುಂದೆ ಕೆಟ್ಟರೆ ನೆಲ ಒಡೆಯದೆ ಎಳೆದು ಬದಲಿಸಬಹುದು.

ಮೇಲ್ಹಾಸಿಗೆ ಸೆರಾಮಿಕ್ ಟೈಲ್ಸ್, ಕಲ್ಲು ಉತ್ತಮ. ಅಂಟು ಫ್ಲೆಕ್ಸಿಬಲ್ ಆಗಿರಲಿ, ಇಲ್ಲವಾದರೆ ಬಿಸಿ ತಂಪಿನ ಹಿಗ್ಗು ಕುಗ್ಗಿಗೆ ಟೈಲ್ಸ್ ಏಳುತ್ತದೆ. ಅಂಟು ಪೂರ್ತಿ ಒಣಗುವ ಮುನ್ನ ಸ್ವಿಚ್ ಹಾಕಬೇಡಿ. ಮರವೇ ಬೇಕೆಂದರೆ ಗಟ್ಟಿ ಹಲಗೆಗಿಂತ ಎಂಜಿನಿಯರ್ಡ್ ವುಡ್ ಮೇಲು. ಅದರಡಿಗೆ ಫಾಯಿಲ್ ಮ್ಯಾಟ್ ಹಾಸಿ, ನೆಲದ ಬಿಸಿ 27 ಡಿಗ್ರಿ ದಾಟದಂತೆ ಥರ್ಮೋಸ್ಟ್ಯಾಟ್ ಹೊಂದಿಸಬೇಕು.

ವೈರಿಂಗ್ ಜೋಡಣೆ ನೋಂದಾಯಿತ ಎಲೆಕ್ಟ್ರಿಶಿಯನ್ ಕೈಯಲ್ಲಿರಲಿ, ಕರೆಂಟು ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪಿಯರ್ ಆರ್‌ಸಿಡಿ ಇರಲೇಬೇಕು. ಈ 450 ವ್ಯಾಟಿನ ಮ್ಯಾಟ್ ಎರಡು ಗಂಟೆ ಉರಿದರೆ ಹೆಚ್ಚೆಂದರೆ 0.9 ಯೂನಿಟ್. ಬ್ರಿಟನ್ನಿನಲ್ಲಿ ಕರೆಂಟು ಗ್ಯಾಸಿಗಿಂತ ಬಹಳ ದುಬಾರಿಯಾದ್ದರಿಂದ ಬಚ್ಚಲಿಗೆ ಇದು ಸರಿ, ಇಡೀ ಮನೆಗೆ ಬೇಡ.