ಮುರಿದ ಕೊಂಬಿಗೆ ಎಷ್ಟು ಅಂಕ?

1940ರಲ್ಲಿ ಅಮೆರಿಕದ ಒಹಾಯೋ ರಾಜ್ಯದ ರವೆನ್ನಾ ಶಸ್ತ್ರಾಗಾರದ ಬೇಲಿಯ ಬಳಿ ಗಂಡು ಜಿಂಕೆಯೊಂದು ಸತ್ತು ಬಿದ್ದಿತ್ತು. ರೈಲ್ವೆ ಕೆಲಸಗಾರರು ಅದನ್ನು ಕಂಡರು. ಅದರ ತಲೆಯ ಮೇಲಿದ್ದುದು ಒಂದು ಪೊದೆಯೇ ಸರಿ! ಕವಲುಗಳು ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಮನಬಂದಂತೆ ಚಾಚಿದ್ದವು. ಒಂದು ಕಡೆ ಕೊಂಬಿನಲ್ಲೇ ಒಂದು ತೂತು. ಆ ತಲೆ ಕೆಂಟ್ ಎಂಬ ಊರಿನ ಕ್ಲಬ್ಬೊಂದರ ಗೋಡೆಯ ಮೇಲೆ ದಶಕಗಳ ಕಾಲ ತೂಗಾಡಿತು. ಕೊನೆಗೆ ಅಳತೆಗಾರರು ಟೇಪು ಹಿಡಿದಾಗ ಅದಕ್ಕೆ ದೊರೆತ ಅಂಕ 328 2/8.

ತೂತು ಗುಂಡೇಟಿನ ಗುರುತೆಂದು ಹಲವರು ಊಹಿಸಿದ್ದರು. ಬೇಲಿಯ ತಂತಿ ಚುಚ್ಚಿ ಆದದ್ದೆಂದು ಜಿಂಕೆಯನ್ನು ಅಂದು ಕಂಡಿದ್ದವರೊಬ್ಬರು ಬಹುಕಾಲದ ನಂತರ ತಿಳಿಸಿದರು. ಇರಲಿ, ಇಂಥ ಅಂಕುಡೊಂಕು ಕೊಂಬಿಗೆ ಅಂಕ ಕೊಡುವುದು ಹೇಗೆ? ಮುರಿದುಹೋದ ಭಾಗಕ್ಕೆ ಅಂಕ ಉಂಟೇ?

ಕೊಂಬಲ್ಲ, ಮೂಳೆ

ದನದ ಕೊಂಬು, ನಮ್ಮ ಕೃಷ್ಣಮೃಗದ ಕೊಂಬು ಜೀವನಪೂರ್ತಿ ಇರುತ್ತವೆ. ಜಿಂಕೆ, ಕಡವೆಗಳದು ಹಾಗಲ್ಲ. ಅವುಗಳ ಕವಲುಗೊಂಬು ಅಪ್ಪಟ ಮೂಳೆ. ಉದುರಿ ಹೋಗಿ ಮತ್ತೆ ಹೊಸದಾಗಿ ಹುಟ್ಟುತ್ತದೆ. ಬೆಳೆಯುವಾಗ ಮಖಮಲ್ಲಿನಂಥ ಚರ್ಮ ಅದನ್ನು ಹೊದ್ದಿರುತ್ತದೆ, ಒಳಗೆ ರಕ್ತ ಹರಿಯುತ್ತದೆ. ಪ್ರಾಣಿಗಳ ದೇಹದಲ್ಲಿ ಅತಿ ವೇಗವಾಗಿ ಬೆಳೆಯುವ ಅಂಗಾಂಶಗಳಲ್ಲಿ ಇದೂ ಒಂದು. ಈ ಎಳೆಯ ಹಂತದಲ್ಲಿ ಪೆಟ್ಟಾದರೆ ಕೊಂಬು ತಿರುಚಿಕೊಳ್ಳುತ್ತದೆ, ಬೇಡದ ಕಡೆ ಕವಲೊಡೆಯುತ್ತದೆ. ಹಿಂಗಾಲಿಗೆ ಗಾಯವಾದರೆ ಎದುರು ಬದಿಯ ಕೊಂಬು ವಿಕಾರವಾಗುವುದೂ ಉಂಟು. ವಯಸ್ಸು, ಆಹಾರ, ವಂಶಗುಣಗಳ ಪಾತ್ರವೂ ಇದೆ. ಕೊಂಬು ಗಟ್ಟಿಯಾದ ಮೇಲೆ ಕಾದಾಟದಲ್ಲಿ ಮುರಿದರೆ ಮಾತ್ರ ಅದು ಕೂಡಿಕೊಳ್ಳುವುದಿಲ್ಲ; ಉದುರುವವರೆಗೂ ಮೊಂಡಾಗಿಯೇ ಇರುತ್ತದೆ.

ಲೆಕ್ಕದ ಹುಟ್ಟು

ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡೋರ್ ರೂಸ್‌ವೆಲ್ಟ್ 1887ರಲ್ಲಿ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಸ್ಥಾಪಿಸಿದರು. ಮಿತಿಮೀರಿದ ಬೇಟೆಯಿಂದ ಅಲ್ಲಿನ ದೊಡ್ಡ ಪ್ರಾಣಿಗಳು ಕಣ್ಮರೆಯಾಗುತ್ತಿದ್ದ ಕಾಲವದು. ಅಳಿದುಹೋಗುವ ಮುನ್ನ ಅವುಗಳ ದಾಖಲೆಯಾದರೂ ಉಳಿಯಲಿ ಎಂಬುದು ಕೊಂಬು ಅಳೆಯುವುದರ ಹಿಂದಿದ್ದ ಒಂದು ಕಾಳಜಿ. ಕ್ಲಬ್ಬಿನ ಮೊದಲ ದಾಖಲೆ ಪುಸ್ತಕ 1932ರಲ್ಲಿ ಬಂತು. ಈಗಿನ ಅಂಕಪದ್ಧತಿ 1950ರದು.

ಕೊಂಬು ಒಣಗಿದಂತೆ ಕುಗ್ಗುತ್ತದೆ. ಆದ್ದರಿಂದ ಕನಿಷ್ಠ 60 ದಿನ ಒಣಗಿದ ಮೇಲೆಯೇ ಅಧಿಕೃತ ಅಳತೆ. ಎರಡೂ ಮುಖ್ಯ ಕಾಂಡಗಳ ಉದ್ದ, ಪ್ರತಿ ಕವಲಿನ ಉದ್ದ, ನಾಲ್ಕು ಕಡೆ ಸುತ್ತಳತೆ, ಎರಡು ಕಾಂಡಗಳ ನಡುವಿನ ಅಂತರ, ಇವನ್ನೆಲ್ಲ ಅಂಗುಲದ ಎಂಟನೇ ಒಂದು ಭಾಗದವರೆಗೂ ಅಳೆದು ಕೂಡಿಸುತ್ತಾರೆ. ಭಿನ್ನರಾಶಿಯನ್ನು ಸಂಕ್ಷೇಪಿಸುವಂತಿಲ್ಲ, 6/8 ಅನ್ನು 3/4 ಎಂದು ಬರೆಯುವುದಿಲ್ಲ. ಒಂದು ಅಂಗುಲವೂ ಇಲ್ಲದ ಮೊನೆ ಕವಲೇ ಅಲ್ಲ.

ಮುಖ್ಯವಾದ ನಿಯಮ ಇನ್ನು ಮುಂದಿದೆ. ಎಡಕ್ಕೂ ಬಲಕ್ಕೂ ವ್ಯತ್ಯಾಸವಿದ್ದಷ್ಟು ಅಂಕ ಕಳೆಯಬೇಕು. ಸಮತೋಲನದ ಕೊಂಬೇ ಆ ಜಾತಿಯ ಸಹಜ ರೂಪ ಎಂಬುದು ಕ್ಲಬ್ಬಿನ ನಿಲುವು. ಸಹಜವಲ್ಲದ ಕವಲುಗಳಿಗೆ ಎರಡು ದಾರಿ. 'ಸಹಜ' ವರ್ಗದಲ್ಲಿ ಅವುಗಳ ಉದ್ದವನ್ನು ಕಳೆಯುತ್ತಾರೆ, 'ಅಸಹಜ' ವರ್ಗದಲ್ಲಿ ಕೂಡಿಸುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಎಡಬಲಗಳ ವ್ಯತ್ಯಾಸ ಕಳೆದ ಮೇಲೆ ಬಿಳಿಬಾಲದ ಜಿಂಕೆಯೊಂದರ ಕೊಂಬಿಗೆ 172 1/8 ಅಂಕ ಬಂದಿದೆ ಎನ್ನಿ. ಅಡ್ಡಾದಿಡ್ಡಿ ಕವಲುಗಳ ಒಟ್ಟು ಉದ್ದ 24 3/8 ಅಂಗುಲ. ಸಹಜ ವರ್ಗದಲ್ಲಿ ಉಳಿಯುವುದು 147 6/8. ಕ್ಲಬ್ಬಿನ ಶಾಶ್ವತ ದಾಖಲೆಗೆ ಅಲ್ಲಿ 170 ಬೇಕು, ಆದ್ದರಿಂದ ನಪಾಸು. ಅಸಹಜ ವರ್ಗದಲ್ಲಿ 196 4/8. ಅಲ್ಲಿ ಬೇಕಾದುದು 195, ಆದ್ದರಿಂದ ಪಾಸು! ಕೊಂಬು ಒಂದೇ, ಅಳೆದ ಟೇಪೂ ಒಂದೇ. ಬದಲಾದದ್ದು ನೋಡುವ ದೃಷ್ಟಿ ಮಾತ್ರ.

ಮುರಿದರೆ ಎರಡು ಪೆಟ್ಟು

ಮುರಿದ ಕವಲಿಗೆ ಕನಿಕರವಿಲ್ಲ. ಎರಡೂ ಕಡೆ 10 ಅಂಗುಲವಿದ್ದ ಜೋಡಿಯಲ್ಲಿ ಒಂದು ಮುರಿದು 4 ಅಂಗುಲವಾಯಿತೆನ್ನಿ. ಮೊದಲಿದ್ದ 20 ಈಗ 14. ಅದರಲ್ಲೂ ವ್ಯತ್ಯಾಸದ 6 ಕಳೆದರೆ ಉಳಿಯುವುದು 8. ಮುರಿದದ್ದು 6 ಅಂಗುಲ, ನಷ್ಟ 12 ಅಂಕ. ಹಿಂದೆ ಎಷ್ಟಿತ್ತೆಂಬ ಫೋಟೋ ತೋರಿಸಿದರೂ ಪ್ರಯೋಜನವಿಲ್ಲ. ಕೃತಕವಾಗಿ ಕಟ್ಟಿದ ತುದಿಗೂ ಅಂಕವಿಲ್ಲ. ತಲೆಬುರುಡೆ ಸೀಳಿದ್ದರಂತೂ ದಾಖಲೆಗೆ ಪ್ರವೇಶವೇ ಇಲ್ಲ. ಬುರುಡೆಯನ್ನು ಅಗಲಿಸಿ ಕೊಂಬುಗಳ ನಡುವಿನ ಅಂತರ ಹೆಚ್ಚಿಸಬಹುದಲ್ಲ!

ಇದು ಅನ್ಯಾಯವಲ್ಲವೇ ಎಂದು ಮಕ್ಕಳು ಕೇಳಬಹುದು. ಕಾದಾಡಿ ಕೊಂಬು ಮುರಿದುಕೊಂಡ ಜಿಂಕೆ ಕಾದಾಡದ ಜಿಂಕೆಗಿಂತ ಕೀಳೇ? ಪ್ರಶ್ನೆ ಸರಿಯಾದದ್ದೇ. ಸಫಾರಿ ಕ್ಲಬ್ ಇಂಟರ್‌ನ್ಯಾಷನಲ್ ಎಂಬ ಮತ್ತೊಂದು ಸಂಸ್ಥೆಯ ಪದ್ಧತಿಯಲ್ಲಿ ಎಡಬಲ ವ್ಯತ್ಯಾಸಕ್ಕೆ ಅಂಕ ಕಳೆಯುವುದಿಲ್ಲ. ಯಾವ ಗುಣಕ್ಕೆ ಬೆಲೆ ಕೊಡಬೇಕೆಂಬುದು ಮನುಷ್ಯರು ಮಾಡಿಕೊಂಡ ತೀರ್ಮಾನ. ಆದರೆ ಇಲ್ಲದ್ದನ್ನು ಊಹಿಸಿ ಅಂಕ ಕೊಡತೊಡಗಿದರೆ ಪ್ರತಿಯೊಬ್ಬರ ಕೊಂಬೂ ಮಾತಿನಲ್ಲೇ ಬೆಳೆಯತೊಡಗುತ್ತದೆ. ಇದ್ದುದನ್ನು ಇದ್ದಷ್ಟೇ ಅಳೆಯುವುದರಿಂದಲೇ 1950ರ ಅಂಕವನ್ನೂ ಇಂದಿನ ಅಂಕವನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯ.

ಅಂಕವೆಂದರೆ ಬೇಟೆಗಾರನ ಪೌರುಷವೂ ಅಲ್ಲ. ಬಿಳಿಬಾಲದ ಜಿಂಕೆಯ ಅಸಹಜ ವರ್ಗದಲ್ಲಿ 333 7/8 ಅಂಕದೊಂದಿಗೆ ವಿಶ್ವದಾಖಲೆ ಎನಿಸಿದ ಕೊಂಬು 1981ರಲ್ಲಿ ಮಿಸೌರಿ ರಾಜ್ಯದಲ್ಲಿ ದೊರೆಯಿತು. ಒಹಾಯೋದ ಜಿಂಕೆಯಂತೆ ಅದೂ ತಾನಾಗಿ ಸತ್ತು ಬಿದ್ದಿದ್ದ ಪ್ರಾಣಿಯದೇ.

ನಮ್ಮಲ್ಲಿ ಬೇಟೆಯ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಡವೆ, ಚುಕ್ಕೆ ಜಿಂಕೆಗಳಿಗೆ ರಕ್ಷಣೆ ನೀಡಿದೆ. ಬಂಡೀಪುರ, ನಾಗರಹೊಳೆಗಳ ಕಾಡಿನಲ್ಲಿ ಉದುರಿ ಬಿದ್ದ ಕೊಂಬನ್ನೂ ಮನೆಗೆ ತರುವಂತಿಲ್ಲ. ಆದರೆ ನೋಡಲು ಅಡ್ಡಿಯಿಲ್ಲ. ಈ ಎರಡು ಜಾತಿಗಳ ಬೆಳೆದ ಗಂಡಿನ ಒಂದೊಂದು ಕೊಂಬಿನಲ್ಲೂ ಸಾಮಾನ್ಯವಾಗಿ ಮೂರು ಮೊನೆಗಳಿರುತ್ತವೆ. ಮುಂದಿನ ಸಲ ಸಫಾರಿಗೆ ಹೋದಾಗ ಮಕ್ಕಳು ಎಣಿಸಿ ನೋಡಲಿ. ಎರಡೇ ಕಂಡರೆ, ಅಥವಾ ನಾಲ್ಕು ಕಂಡರೆ, ಏಕಿರಬಹುದೆಂದು ಅಪ್ಪ ಅಮ್ಮನನ್ನು ಕೇಳಲಿ.