ಚೇಳಿನ ಕೊಂಡಿಯೊಳಗಿನ ಕೋಡ್

‘ಚೇಳಿಗೆ ಪಾರುಪತ್ಯ ಕೊಟ್ಟ ಹಾಗೆ’ ಅಂತ ಮನೇಲಿ ದೊಡ್ಡವರು ಹೇಳೋದನ್ನ ನಾವೆಲ್ಲ ಕೇಳಿದ್ದೀವಿ. ಗಾದೆ ಬಿಟ್ಟರೆ ಚೇಳಿನ ಬಗ್ಗೆ ನಮಗೆ ಗೊತ್ತಿರೋದು ಒಂದೇ ವಿದ್ಯೆ: ಕಂಡ ತಕ್ಷಣ ಚಪ್ಪಲಿ ಹುಡುಕೋದು. ಈ ಸಲ ನಾವು ಬರೆಯುತ್ತಿರುವುದು ಚೇಳಿನ ವಿಷದ ಜೀನ್‌ಗಳ ಬಗ್ಗೆ. ಇದು ಬಯೋಟೆಕ್‌ನವರ ತಲೆನೋವು ಅಂತ ಮುಂದಿನ ಲೇಖನಕ್ಕೆ ಹೋಗಿಬಿಡಬೇಡಿ. ಇದರಲ್ಲಿ ಗ್ರಾಫ್ ಥಿಯರಿ ಇದೆ, ಸ್ವಿಚ್ಚು ಸರ್ಕ್ಯೂಟು ಇದೆ, ಮಕ್ಕಳ ಜೀವದ ಪ್ರಶ್ನೆಯೂ ಇದೆ.

ಕರಿಯದ್ದಾ, ಕೆಂಪದ್ದಾ?

ನಮ್ಮ ತಂಡದ ಒಬ್ಬರ ಮನೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿದೆ. ಹಳೇ ಹೆಂಚಿನ ಮನೆಗಳು, ಒಂದಕ್ಕೊಂದು ಅಂಟಿಕೊಂಡ ಗೋಡೆಗಳು, ಗೋಣಿಚೀಲ ಪೇರಿಸಿಟ್ಟ ಅಂಗಡಿಗಳು. ಇಂಥ ಕಡೆ ಸಂದಿಗೊಂದಿಗೂ ಬರವಿಲ್ಲ, ಜಿರಳೆಗೂ ಬರವಿಲ್ಲ. ಚೇಳಿಗೆ ಇನ್ನೇನು ಬೇಕು? ಅಲ್ಲಿನ ಹಿರಿಯರನ್ನು ಕೇಳಿದರೆ ಕರಿ ಚೇಳು, ಕೆಂಪು ಚೇಳು ಅಂತ ಎರಡು ಹೇಳ್ತಾರೆ. ದಪ್ಪ ಕೊಂಬಿನ ದೊಡ್ಡ ಕರಿ ಚೇಳು ನೋಡೋಕೆ ಭಯಂಕರ, ಆದರೆ ಸಾಮಾನ್ಯವಾಗಿ ಅದರ ವಿಷ ಅಷ್ಟು ಜೋರಲ್ಲ. ಬೆರಳುದ್ದದ, ಸಣ್ಣ ಕೊಂಬಿನ ಕೆಂಪು ಚೇಳೇ ಅಪಾಯ. ಅದರ ವೈಜ್ಞಾನಿಕ ಹೆಸರು ಹೊಟ್ಟೆಂಟೋಟಾ ಟಾಮ್ಯುಲಸ್. ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಜಾತಿಯ ಚೇಳುಗಳಿವೆ. ಮನುಷ್ಯರನ್ನು ಕೊಲ್ಲಬಲ್ಲವು ಬಹಳ ಕಡಿಮೆ, ಅವುಗಳಲ್ಲಿ ನಮ್ಮ ಈ ಕೆಂಪು ಚೇಳೂ ಒಂದು.

ಕುಟುಕಿದರೆ ಏನಾಗುತ್ತೆ?

ನಮ್ಮ ನರಗಳಲ್ಲಿ ಸೋಡಿಯಂ ಚಾನಲ್ ಅನ್ನೋ ಬಾಗಿಲುಗಳಿವೆ. ಸಿಗ್ನಲ್ ಬಂದಾಗ ತೆರೆದು, ಮರುಕ್ಷಣ ಮುಚ್ಚಿಕೊಳ್ಳಬೇಕು. ಚೇಳಿನ ವಿಷದ ಕೆಲವು ಪ್ರೋಟೀನ್‌ಗಳು ಆ ಬಾಗಿಲು ಮುಚ್ಚದ ಹಾಗೆ ಮಾಡುತ್ತವೆ. ಸ್ವಿಚ್ ಆನ್‌ನಲ್ಲೇ ಸಿಕ್ಕಿಹಾಕಿಕೊಂಡ ಹಾಗೆ. ನರಗಳು ಸುಮ್ಮಸುಮ್ಮನೆ ಸಿಗ್ನಲ್ ಕಳಿಸ್ತಾನೇ ಇರುತ್ತವೆ, ಅಡ್ರಿನಲಿನ್‌ನಂಥ ರಾಸಾಯನಿಕಗಳು ರಕ್ತಕ್ಕೆ ನುಗ್ಗುತ್ತವೆ. ವಾಂತಿ, ವಿಪರೀತ ಬೆವರು, ತಣ್ಣಗಾದ ಕೈಕಾಲು, ಹೃದಯಕ್ಕೆ ಪೆಟ್ಟು, ಕೊನೆಗೆ ಶ್ವಾಸಕೋಶದಲ್ಲಿ ನೀರು. ದೊಡ್ಡವರಿಗಿಂತ ಮಕ್ಕಳಿಗೆ ಅಪಾಯ ಜಾಸ್ತಿ, ಯಾಕೆಂದರೆ ಅಷ್ಟೇ ವಿಷ ಪುಟ್ಟ ದೇಹಕ್ಕೆ ಹಂಚಿಕೆಯಾಗುತ್ತೆ.

ಮಹಾರಾಷ್ಟ್ರದ ಮಹಾಡ್ ಊರಿನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲಿ ಇದಕ್ಕೆ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ಬಳಸಿ ಎಷ್ಟೋ ಜೀವ ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರೂ ಪ್ರಮೋದಿನಿ ಬಾವಸ್ಕರ್ ಅವರೂ 2011ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ 70 ರೋಗಿಗಳಿದ್ದರು. ಪ್ರಾಜೋಸಿನ್ ಜೊತೆ ಪ್ರತಿವಿಷವನ್ನೂ ಪಡೆದ 35 ಜನರಲ್ಲಿ 32 ಮಂದಿ ಹತ್ತು ಗಂಟೆಯೊಳಗೆ ಚೇತರಿಸಿಕೊಂಡರು. ಪ್ರಾಜೋಸಿನ್ ಮಾತ್ರ ಪಡೆದ 35ರಲ್ಲಿ ಅಷ್ಟು ಹೊತ್ತಿಗೆ ಚೇತರಿಸಿಕೊಂಡವರು 8 ಜನ. ಅಂದರೆ ಸರಿಯಾದ ಪ್ರತಿವಿಷ ಇದ್ದರೆ ವ್ಯತ್ಯಾಸ ದೊಡ್ಡದು. ಆದರೆ ‘ಸರಿಯಾದ’ ಪ್ರತಿವಿಷ ಯಾವುದು? ಇಲ್ಲಿಂದ ಜೀನ್‌ಗಳ ಕತೆ ಶುರು.

111 ಅಕ್ಷರದ ಪ್ರೋಗ್ರಾಂ

ಚೇಳಿನ ವಿಷ ಒಂದೇ ವಸ್ತು ಅಲ್ಲ. ಹತ್ತಾರು, ಕೆಲವೊಮ್ಮೆ ನೂರಾರು ಪುಟ್ಟ ಪ್ರೋಟೀನ್‌ಗಳ ಮಿಶ್ರಣ. ಪ್ರತಿಯೊಂದಕ್ಕೂ ಚೇಳಿನ ಡಿಎನ್‌ಎಯಲ್ಲಿ ಒಂದು ಜೀನ್ ಇರುತ್ತೆ. ನಮ್ಮ ಕೆಂಪು ಚೇಳಿನಿಂದಲೇ 1990ರಲ್ಲಿ ಬೇರ್ಪಡಿಸಿದ ಐಬೀರಿಯೋಟಾಕ್ಸಿನ್ ಅನ್ನೇ ತಗೊಳ್ಳಿ. ಅದು ಪೊಟ್ಯಾಸಿಯಂ ಚಾನಲ್‌ಗಳ ಒಂದು ಬಗೆಯನ್ನು ಮಾತ್ರ ಆರಿಸಿ ಮುಚ್ಚುತ್ತೆ. ಹಾಗಾಗಿ ಆ ಚಾನಲ್ ಏನು ಕೆಲಸ ಮಾಡುತ್ತೆ ಅಂತ ತಿಳಿಯೋಕೆ ಜಗತ್ತಿನ ಲ್ಯಾಬ್‌ಗಳು ಇದನ್ನೇ ಬಳಸುತ್ತವೆ. ಇದರಲ್ಲಿರೋದು 37 ಅಮೈನೋ ಆಮ್ಲ. ಒಂದಕ್ಕೆ ಮೂರು ಡಿಎನ್‌ಎ ಅಕ್ಷರದಂತೆ 111 ಅಕ್ಷರ. ಒಂದು ಅಕ್ಷರಕ್ಕೆ ಎರಡು ಬಿಟ್ ಹಿಡಿದರೆ 222 ಬಿಟ್, ಅಂದರೆ 28 ಬೈಟ್‌ಗೂ ಕಡಿಮೆ. ನಮ್ಮ ‘ಹಲೋ ವರ್ಲ್ಡ್’ ಪ್ರೋಗ್ರಾಂ ಇದಕ್ಕಿಂತ ಉದ್ದ!

ಈ ಜೀನ್ ಬಂದದ್ದೆಲ್ಲಿಂದ? ಡಿಫೆನ್ಸಿನ್ ಅನ್ನೋ, ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಕ್ಷಣಾ ಪ್ರೋಟೀನ್‌ಗಳ ಆಕಾರ ಈ ಟಾಕ್ಸಿನ್‌ಗಳ ಆಕಾರವನ್ನೇ ಹೋಲುತ್ತೆ. 2014ರಲ್ಲಿ ವಿಜ್ಞಾನಿಗಳು ಒಂದು ಕೀಟದ ಡಿಫೆನ್ಸಿನ್‌ನಿಂದ ಸಣ್ಣ ಕುಣಿಕೆಯೊಂದನ್ನು ಕತ್ತರಿಸಿ ತೆಗೆದರು. ಅಷ್ಟಕ್ಕೇ ಅದು ಪೊಟ್ಯಾಸಿಯಂ ಚಾನಲ್ ಮುಚ್ಚುವ ಟಾಕ್ಸಿನ್ ಆಯಿತು. ಹೊಸ ಕೋಡ್ ಬರೆದಿಲ್ಲ, ಹಳೇ ಕೋಡಿನ ಒಂದು ಸಾಲು ಡಿಲೀಟ್ ಮಾಡಿದ್ದು ಅಷ್ಟೇ.

ಓದೋದು ಹೇಗೆ?

ಮೊದಲು ಚೇಳು ಸಿಗಬೇಕು. ಯುವಿ ಟಾರ್ಚ್ ಬಿಟ್ಟರೆ ಚೇಳಿನ ಮೈ ಹಸಿರು-ನೀಲಿಯಾಗಿ ಹೊಳೆಯುತ್ತೆ, ಅದಕ್ಕೇ ಸಂಶೋಧಕರು ರಾತ್ರಿ ಹುಡುಕ್ತಾರೆ. ಲ್ಯಾಬಿನಲ್ಲಿ ಬಾಲಕ್ಕೆ ಸಣ್ಣ ವಿದ್ಯುತ್ ಕೊಟ್ಟು ವಿಷ ತೆಗೀತಾರೆ. ಗ್ರಂಥಿ ಖಾಲಿಯಾದ ಮೇಲೆ ಚೇಳು ಮತ್ತೆ ವಿಷ ತಯಾರಿಸಬೇಕು, ಹಾಗಾಗಿ ವಿಷದ ಜೀನ್‌ಗಳು ಭರದಿಂದ ಆರ್‌ಎನ್‌ಎ ಪ್ರತಿಗಳನ್ನು ಮಾಡುತ್ತವೆ. ಆ ಹೊತ್ತಿಗೆ ಗ್ರಂಥಿಯಿಂದ ಆರ್‌ಎನ್‌ಎ ತೆಗೆದು, ಡಿಎನ್‌ಎಗೆ ತಿರುಗಿಸಿ ಸೀಕ್ವೆನ್ಸಿಂಗ್ ಮೆಷಿನ್‌ಗೆ ಹಾಕ್ತಾರೆ.

ಮೆಷಿನ್ ಕೊಡೋದು ಪೂರ್ತಿ ಜೀನ್ ಅಲ್ಲ, ಕೋಟಿಗಟ್ಟಲೆ ಚೂರು. ಒಂದೇ ಪುಸ್ತಕದ ಸಾವಿರ ಪ್ರತಿಗಳನ್ನು ಹರಿದು ಗುಡ್ಡೆ ಹಾಕಿದ ಹಾಗೆ. ಅದನ್ನು ಮತ್ತೆ ಜೋಡಿಸಬೇಕು. 2011ರಲ್ಲಿ ಬಂದ ಟ್ರಿನಿಟಿ ಎಂಬ ಸಾಫ್ಟ್‌ವೇರ್ ಈ ಕೆಲಸಕ್ಕೆ ಡಿ ಬ್ರೂಯ್ನ್ ಗ್ರಾಫ್ ಬಳಸುತ್ತೆ. ಚೂರುಗಳ ಒಂದರ ತುದಿ ಇನ್ನೊಂದರ ಮೊದಲಿಗೆ ಹೊಂದಿದರೆ ಒಂದು ಗೆರೆ. ಗ್ರಾಫಿನ ದಾರಿ ಹಿಡಿದು ಹೊರಟರೆ ಜೀನ್ ಸಿಗುತ್ತೆ. ಡಿಸ್ಕ್ರೀಟ್ ಮ್ಯಾಥ್ಸ್ ಯಾವ ಉಪಯೋಗಕ್ಕೆ ಬರುತ್ತೆ ಅಂತ ಕೇಳೋರಿಗೆ ಇದೊಂದು ಉತ್ತರ.

ಒಂದೇ ಚೇಳು, ಬೇರೆ ವಿಷ

ಚೇಳಿನ ಪೂರ್ತಿ ಜೀನೋಮ್ ಮೊದಲ ಸಲ ಪ್ರಕಟವಾದದ್ದು 2013ರಲ್ಲಿ. ಅದು ಚೀನಾದ ಒಂದು ಚೇಳು. ಅದರಲ್ಲಿ 32,016 ಜೀನ್‌ಗಳನ್ನು ಗುರುತಿಸಿದರು. ಮನುಷ್ಯರಲ್ಲಿರೋದು ಸುಮಾರು 20,000! ಒಂದು ಜೀನ್ ನಕಲಾಗುತ್ತೆ, ನಕಲು ಸ್ವಲ್ಪ ಬದಲಾಗುತ್ತೆ, ಬದಲಾದದ್ದು ಹೊಸ ಬೇಟೆಗೆ ಕೆಲಸ ಮಾಡಿದರೆ ಉಳಿಯುತ್ತೆ. ಅದೇ ವರ್ಷ ಕಾರ್ತಿಕ್ ಸುನಗಾರ್ ಮತ್ತು ಜೊತೆಗಾರರು ಚೇಳಿನ ಟಾಕ್ಸಿನ್‌ಗಳ ವಿಕಾಸದ ಬಗ್ಗೆ ಬರೆದರು. ಕಾರ್ತಿಕ್ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಷಗಳ ವಿಕಾಸವನ್ನು ಅಧ್ಯಯನ ಮಾಡುವ ಲ್ಯಾಬ್ ನಡೆಸುತ್ತಾರೆ. ಟಾಕ್ಸಿನ್‌ನ ಒಳಗಿನ ಚೌಕಟ್ಟು ಹೆಚ್ಚುಕಡಿಮೆ ಹಾಗೇ ಇರುತ್ತೆ, ಬೇಗ ಬದಲಾಗೋದು ಮೇಲ್ಮೈ. ಛಾಸಿ ಒಂದೇ, ಬಾಡಿ ಬೇರೆ.

ತೊಂದರೆ ಇರೋದು ಇಲ್ಲೇ. ಪ್ರತಿವಿಷ ಗುರುತಿಸೋದು ಆ ಮೇಲ್ಮೈಯನ್ನೇ. ಚೇಳಿನ ವಿಷವನ್ನು ಸ್ವಲ್ಪಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ತಯಾರಾದ ಪ್ರತಿಕಾಯಗಳಿಂದ ಪ್ರತಿವಿಷ ಮಾಡ್ತಾರೆ. ಆದರೆ ಕೊಂಕಣದ ಕೆಂಪು ಚೇಳಿನ ವಿಷಕ್ಕೂ ದಖ್ಖನ್ ಪ್ರಸ್ಥಭೂಮಿಯ ಕೆಂಪು ಚೇಳಿನ ವಿಷಕ್ಕೂ ವ್ಯತ್ಯಾಸ ಇದೆ ಅಂತ 2007ರ ಒಂದು ಅಧ್ಯಯನ ತೋರಿಸಿತು. ಹೆಸರು ಒಂದೇ, ಒಳಗಿನ ಮಿಶ್ರಣ ಬೇರೆ. ಒಂದು ಕಡೆಯ ಚೇಳಿನಿಂದ ಮಾಡಿದ ಔಷಧಿ ಎಲ್ಲ ಕಡೆಯೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಅಂದುಕೊಳ್ಳೋಕಾಗಲ್ಲ. ಆದ್ದರಿಂದಲೇ ನಮ್ಮ ಕರ್ನಾಟಕದ ಚೇಳುಗಳನ್ನು ಜಿಲ್ಲೆ ಜಿಲ್ಲೆಯಲ್ಲೂ ಓದಬೇಕು.

ಓದಿದರೆ ಏನು ಲಾಭ ಅನ್ನೋದಕ್ಕೆ ಹಾವಿನ ಉದಾಹರಣೆ ಇದೆ. 2024ರಲ್ಲಿ ಅದೇ ಬೆಂಗಳೂರಿನ ಲ್ಯಾಬ್ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರು ನಾಗರ, ಕಟ್ಟುಹಾವುಗಳ ಕುಟುಂಬದ ಒಂದು ಮುಖ್ಯ ಟಾಕ್ಸಿನ್ ಗುಂಪಿನ ವಿರುದ್ಧ ಮನುಷ್ಯರ ಪ್ರತಿಕಾಯವನ್ನು ಲ್ಯಾಬಿನಲ್ಲೇ ರೂಪಿಸಿದರು. ಬೇರೆ ಬೇರೆ ಹಾವುಗಳ ಟಾಕ್ಸಿನ್‌ಗಳಲ್ಲಿ ಬದಲಾಗದೆ ಉಳಿದಿರುವ ಜಾಗವನ್ನು ಅದು ಹಿಡಿದುಕೊಳ್ಳುತ್ತೆ. ಅಂಥ ಜಾಗ ಗೊತ್ತಾಗಬೇಕಾದರೆ ಸೀಕ್ವೆನ್ಸ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಲೇಬೇಕು. ಚೇಳಿಗೂ ಇದೇ ದಾರಿ.

ಅಲ್ಲಿಯವರೆಗೆ

ಚೇಳು ಕುಟುಕಿದರೆ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಈರುಳ್ಳಿ ಉಜ್ಜುತ್ತಾ, ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬೇಡಿ. ಕುಟುಕಿದ ಸಮಯ ನೆನಪಿಟ್ಟುಕೊಳ್ಳಿ, ಉಂಗುರ ಬಳೆ ತೆಗೆಸಿ. ಮಗುವಾದರೆ, ಅಥವಾ ಬೆವರು ವಾಂತಿ ಶುರುವಾದರೆ, ತಕ್ಷಣ ಆಸ್ಪತ್ರೆಗೆ. ಮಂಡಿ ಮೊಹಲ್ಲಾದವರಿಗಂತೂ ಕೆ.ಆರ್. ಆಸ್ಪತ್ರೆ ಹತ್ತಿರದಲ್ಲೇ ಇದೆ.

ಕೋಡಿಂಗ್ ಇಷ್ಟ ಇರೋರಿಗೆ ಒಂದು ಸಣ್ಣ ಕೆಲಸ. ಯೂನಿಪ್ರಾಟ್ ಡೇಟಾಬೇಸ್ ಎಲ್ಲರಿಗೂ ಉಚಿತ. ಅಲ್ಲಿ ಐಬೀರಿಯೋಟಾಕ್ಸಿನ್ ಮತ್ತು ಇದೇ ಕೆಂಪು ಚೇಳಿನ ಇನ್ನೊಂದು ಟಾಕ್ಸಿನ್ ಟಾಮಾಪಿನ್, ಎರಡರ ಸೀಕ್ವೆನ್ಸನ್ನೂ ಇಳಿಸಿಕೊಳ್ಳಿ. ಒಂದು 37 ಅಕ್ಷರ, ಇನ್ನೊಂದು 31. ಸಿಸ್ಟೀನ್‌ನ ಗುರುತಾದ ‘ಸಿ’ ಅಕ್ಷರಗಳನ್ನು ಎಣಿಸಿ: ಎರಡರಲ್ಲೂ ಆರು. ಎರಡನೇ ಮತ್ತು ಮೂರನೇ ‘ಸಿ’ ನಡುವೆ ಎರಡರಲ್ಲೂ ಮೂರೇ ಅಕ್ಷರ, ಐದು ಮತ್ತು ಆರನೆಯದರ ನಡುವೆ ಒಂದೇ. ಉಳಿದ ಅಕ್ಷರಗಳು ಬಹುಪಾಲು ಬೇರೆ. ಮೇಲೆ ಹೇಳಿದ ಛಾಸಿ ಇದೇ. ಪೈಥಾನ್‌ನಲ್ಲಿ ಹತ್ತು ಸಾಲು ಬರೆದರೆ ಸಾಕು. ಬರೆದವರು ನಮ್ಮ ಕನ್ನಡ ಸಂಘಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.