ಐದು ವೋಲ್ಟಿಗೊಂದು ಕಾವಲು

ನಲವತ್ತು ವರ್ಷ ಹಳೆಯ ಕಂಪ್ಯೂಟರೊಂದು ಮನೆಯಲ್ಲಿದ್ದರೆ, ಅದನ್ನು ಕಾಪಾಡಲು ನಮ್ಮ ಕಡೆ ಮೊದಲು ನೆನಪಾಗುವುದು ಸ್ಟೆಬಿಲೈಜರ್. ಟಿ.ವಿ.ಗೂ ಅದನ್ನೇ ಇಟ್ಟಿದ್ದೆವು, ಫ್ರಿಜ್ಜಿಗೂ ಅದನ್ನೇ. ಕಂಪ್ಯೂಟರಿಗೆ ಬೇರೇನು ಬೇಕು ಎನ್ನುವುದು ಸಹಜವಾದ ಪ್ರಶ್ನೆ. ಆದರೆ 1982ರಲ್ಲಿ ಮಾರುಕಟ್ಟೆಗೆ ಬಂದ ಕಮೊಡೋರ್ 64ರಂಥ ಯಂತ್ರವನ್ನು ಕೊಲ್ಲುವ ವೋಲ್ಟೇಜು ಬಹುಪಾಲು ಗೋಡೆಯ ಸಾಕೆಟ್ಟಿನಿಂದ ಬರುವುದೇ ಇಲ್ಲ. ಅದು ಯಂತ್ರದ ಜೊತೆಗೇ ಬಂದ ಪವರ್ ಸಪ್ಲೈ ಪೆಟ್ಟಿಗೆಯೊಳಗೆ ಹುಟ್ಟುತ್ತದೆ. ಲೈನಿನಲ್ಲಿ ಸರಿಯಾಗಿ 230 ವೋಲ್ಟ್ ಇದ್ದಾಗಲೂ ಹುಟ್ಟುತ್ತದೆ. ಹಾಗಾಗಿ ಕಾವಲುಗಾರನನ್ನು ಗೋಡೆಯ ಹತ್ತಿರ ನಿಲ್ಲಿಸಿ ಪ್ರಯೋಜನ ಕಡಿಮೆ. ಅವನು ನಿಲ್ಲಬೇಕಾದದ್ದು ಪವರ್ ಸಪ್ಲೈಗೂ ಚಿಪ್ಪುಗಳಿಗೂ ನಡುವಿನ ಐದು ವೋಲ್ಟಿನ ತಂತಿಯ ಮೇಲೆ.

ಲೈನಿನ ಬಗೆಗಿನ ಭಯಕ್ಕೆ ಕಾರಣವಿಲ್ಲವೆಂದಲ್ಲ. ನಮ್ಮ ಹುಕ್ಕೇರಿ ತಾಲ್ಲೂಕಿಗೂ ಪಕ್ಕದ ಗೋಕಾಕಿಗೂ ವಿದ್ಯುತ್ತಿನ ಇತಿಹಾಸದಲ್ಲಿ ದೊಡ್ಡ ಹೆಸರೇ ಇದೆ. ಘಟಪ್ರಭೆಯ ಧುಮುಕುವ ನೀರನ್ನು ಗೋಕಾಕದ ಗಿರಣಿ 1887ರಷ್ಟು ಹಿಂದೆಯೇ ದುಡಿಮೆಗೆ ಹಚ್ಚಿತ್ತು. ದೇಶದಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳ ಪ್ರಯೋಗ ಶುರುವಾದಾಗ ಆಯ್ಕೆಯಾದ ಮೊದಲ ಕೆಲವೇ ಜಾಗಗಳಲ್ಲಿ ಹುಕ್ಕೇರಿಯೂ ಒಂದು. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇಂದಿಗೂ ಮನೆಮನೆಗೆ, ಹೊಲಹೊಲಕ್ಕೆ ಕರೆಂಟು ಹಂಚುತ್ತಿದೆ. ಆದರೆ ವಿತರಕರು ಯಾರೇ ಆಗಿರಲಿ, ಊರಿನ ಟ್ರಾನ್ಸ್‌ಫಾರ್ಮರಿನಿಂದ ಹೊರಟ ನಾಲ್ಕು ತಂತಿಯ ಲೈನಿನ ಸ್ವಭಾವ ಒಂದೇ. ಕಬ್ಬಿಗೆ ನೀರು ಹಾಯಿಸುವ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಾಗ ಉದ್ದ ಲೈನಿನ ಕೊನೆಯ ಮನೆಯಲ್ಲಿ ಬಲ್ಬು ಮಂಕಾಗುತ್ತದೆ. ಅವು ನಿಂತಾಗ ವೋಲ್ಟೇಜು ಮೇಲೇರುತ್ತದೆ. ಹಳೆಯ ವಿದ್ಯುತ್ ನಿಯಮಗಳು ಒಪ್ಪುತ್ತಿದ್ದ ಏರಿಳಿತ ಆರು ಪ್ರತಿಶತ, ಅಂದರೆ 230ಕ್ಕೆ ಸುಮಾರು 216ರಿಂದ 244. ನಿಜವಾದ ಅಪಾಯ ಬೇರೆ: ಕಂಬದ ಮೇಲೆ ನ್ಯೂಟ್ರಲ್ ತಂತಿ ಹರಿದರೆ ಅಥವಾ ಅದರ ಜಾಯಿಂಟ್ ಸಡಿಲವಾದರೆ ಮೂರು ಫೇಸುಗಳ ನಡುವಿನ ಸಮತೋಲ ತಪ್ಪಿ, ಕಡಿಮೆ ಲೋಡ್ ಇರುವ ಫೇಸಿನ ಮನೆಗಳಲ್ಲಿ ವೋಲ್ಟೇಜು 400ರ ಕಡೆಗೆ ಹತ್ತುತ್ತದೆ. ಆಗ ಇಡೀ ಓಣಿಯ ಬಲ್ಬು, ಟಿ.ವಿ., ಚಾರ್ಜರುಗಳು ಒಟ್ಟಿಗೆ ಸುಡುತ್ತವೆ.

ಆದರೂ ಈ ಏರಿಕೆ ಹಳೆಯ ಕಂಪ್ಯೂಟರಿನ ಚಿಪ್ಪುಗಳನ್ನು ನೇರವಾಗಿ ಮುಟ್ಟುವುದಿಲ್ಲ. ಕಮೊಡೋರಿನ ಪೆಟ್ಟಿಗೆಯಲ್ಲಿ ಮೊದಲಿಗಿರುವುದು ಟ್ರಾನ್ಸ್‌ಫಾರ್ಮರ್. ಅದರಿಂದ ಬಂದದ್ದನ್ನು ಡಯೋಡುಗಳು ಏಕಮುಖವಾಗಿಸಿದ ಮೇಲೆ ಸುಮಾರು ಹತ್ತು ವೋಲ್ಟ್ ಸಿಗುತ್ತದೆ. ರೆಗ್ಯುಲೇಟರ್ ಅದರಲ್ಲಿ ಐದನ್ನು ಕಂಪ್ಯೂಟರಿಗೆ ಕೊಟ್ಟು ಉಳಿದದ್ದನ್ನು ಬಿಸಿಯಾಗಿ ಕಳೆಯುತ್ತದೆ. ಒಂದು ಆಂಪಿಯರ್ ಹರಿಯುವಾಗ ಈ ಬಿಸಿ ಐದು ವ್ಯಾಟ್. ಲೈನು ಹದಿನೈದು ಪ್ರತಿಶತ ಏರಿತೆನ್ನಿ; ಹತ್ತು ವೋಲ್ಟ್ ಹನ್ನೊಂದೂವರೆಯಾಗುತ್ತದೆ, ಹೊರಗೆ ಬರುವುದು ಆಗಲೂ ಐದೇ, ಆದರೆ ಬಿಸಿ ಆರೂವರೆ ವ್ಯಾಟಿಗೆ ಹೋಗುತ್ತದೆ. ಅಂದರೆ ಲೈನಿನ ಹದಿನೈದು ರೆಗ್ಯುಲೇಟರಿನ ಪಾಲಿಗೆ ಮೂವತ್ತಾಗುತ್ತದೆ. ಇದನ್ನು ನೋಡಿದರೆ ಸ್ಟೆಬಿಲೈಜರಿಗೆ ಒಂದು ಸ್ಥಾನ ಉಂಟು ಎಂದು ಒಪ್ಪಲೇಬೇಕು: ಅದು ರೆಗ್ಯುಲೇಟರಿನ ಆಯುಷ್ಯ ಹೆಚ್ಚಿಸುತ್ತದೆ. ಆದರೆ ಆ ಆಯುಷ್ಯ ಮುಗಿದ ದಿನ ಏನಾಗುತ್ತದೆ ಎಂಬುದರ ಮೇಲೆ ಅದರ ಹಿಡಿತ ಏನೂ ಇಲ್ಲ.

ಆ ದಿನ ಆಗುವುದು ಬೇಲಿಯೇ ಎದ್ದು ಹೊಲ ಮೇಯುವ ಕೆಲಸ. ಕಮೊಡೋರಿನ ಬಹಳಷ್ಟು ಪೆಟ್ಟಿಗೆಗಳಲ್ಲಿ ಒಳಗಿನದೆಲ್ಲವನ್ನೂ ಎಪಾಕ್ಸಿ ಸುರಿದು ಇಟ್ಟಿಗೆಯಂತೆ ಗಟ್ಟಿ ಮಾಡಿದ್ದಾರೆ. ಬಿಸಿ ಹೊರಹೋಗಲು ದಾರಿಯಿಲ್ಲ, ಬಿಚ್ಚಿ ರಿಪೇರಿ ಮಾಡುವಂತೆಯೂ ಇಲ್ಲ. ವರ್ಷಗಟ್ಟಲೆ ಕಾದು ತಣಿದು ದಣಿದ ರೆಗ್ಯುಲೇಟರ್ ಸಾಮಾನ್ಯವಾಗಿ ಎರಡು ರೀತಿ ಕೆಡುತ್ತದೆ. ಒಳಗಿನ ಪವರ್ ಟ್ರಾನ್ಸಿಸ್ಟರ್ ಶಾರ್ಟ್ ಆಗಬಹುದು, ಆಗ ಒಳಬಂದ ವೋಲ್ಟೇಜೆಲ್ಲ ಹಾಗೆಯೇ ಹೊರಗೆ ಹೋಗುತ್ತದೆ. ಇಲ್ಲವೇ ಅದರ ಗ್ರೌಂಡ್ ಕಾಲಿನ ಬೆಸುಗೆ ಬಿಡಬಹುದು. ಯಾವುದಕ್ಕೆ ಹೋಲಿಸಿ ಐದು ವೋಲ್ಟ್ ಅಳೆಯಬೇಕೋ ಆ ನೆಲೆಯೇ ತಪ್ಪಿದ ಮೇಲೆ ರೆಗ್ಯುಲೇಟರ್ ತನ್ನಿಂದಾದಷ್ಟು ಮೇಲೇರುತ್ತದೆ. ಎರಡರಲ್ಲೂ ಫಲ ಒಂದೇ, ಐದು ಇರಬೇಕಾದಲ್ಲಿ ಎಂಟೋ ಒಂಬತ್ತೋ. ಆ ಕಾಲದ ಟಿಟಿಎಲ್ ಚಿಪ್ಪುಗಳಿಗೆ ಒಗ್ಗುವ ವ್ಯಾಪ್ತಿ 4.75ರಿಂದ 5.25, ತಯಾರಕರು ಹಾಕಿದ ಕೊನೆಯ ಗೆರೆ 7 ವೋಲ್ಟ್. 4164 ಎಂಬ ಮೆಮೊರಿ ಚಿಪ್ಪಿಗೂ ಗೆರೆ ಅಲ್ಲೇ, ಮತ್ತು ಹೆಚ್ಚಾಗಿ ಮೊದಲು ಸಾಯುವುದೂ ಅದೇ. ನಮ್ಮ ದೇಶದಲ್ಲಿ 1984ರ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋದ ಕಥೆ ಸ್ವಲ್ಪ ಬೇರೆ: ಅದರ ಸಪ್ಲೈ ಯಂತ್ರದೊಳಗೇ ಇದೆ, ಸ್ವಿಚಿಂಗ್ ಮಾದರಿಯದು, ಅದರಲ್ಲಿ ಮೊದಲು ಸಿಡಿದು ಹೊಗೆಯಾಡುವುದು ಮೇನ್ಸ್ ಬದಿಯ ಕಾಗದದ ಕೆಪಾಸಿಟರ್. ಹೊಗೆಗೆ ಹೆದರಬೇಕಾಗಿಲ್ಲ, ಕೆಪಾಸಿಟರ್ ಬದಲಿಸಿದರೆ ಸಾಮಾನ್ಯವಾಗಿ ಯಂತ್ರ ಎದ್ದು ಕೂರುತ್ತದೆ. ಹೆದರಬೇಕಾದದ್ದು ಸದ್ದಿಲ್ಲದೆ ಏರುವ ಐದು ವೋಲ್ಟಿಗೆ.

ಹಾಗಾದರೆ ಐದು ವೋಲ್ಟಿನ ತಂತಿಗೆ ಸರ್ಜ್ ತಡೆಯುವ ಒಂದು ಡಯೋಡ್ ಹಾಕಿದರೆ ಸಾಲದೇ ಎಂಬ ಆಕ್ಷೇಪ ಬರುತ್ತದೆ; ಅಂಗಡಿಯಲ್ಲಿ ಅದು ಕೆಲವೇ ರೂಪಾಯಿಗೆ ಸಿಗುತ್ತದೆ. ಅದರ ಅಂಕಿಗಳನ್ನು ಓದಿದರೆ ಉತ್ತರ ಅಲ್ಲೇ ಇದೆ. ಐದು ವೋಲ್ಟಿನದೆಂದು ಮಾರುವ ಎಸ್‌ಎಂಬಿಜೆ5.0ಎ ಎಂಬ ಡಯೋಡಿನಲ್ಲಿ ಕರೆಂಟು ಹರಿಯಲು ಶುರುವಾಗುವುದೇ 6.4 ವೋಲ್ಟ್ ದಾಟಿದ ಮೇಲೆ, ಪೂರ್ತಿ ಹೊಡೆತದಲ್ಲಿ ಅದು ಬಿಟ್ಟುಕೊಡುವುದು 9.2 ವೋಲ್ಟ್. ಚಿಪ್ಪಿನ ಗೆರೆ ಏಳು! ಅಲ್ಲದೆ ಅದರ ಹೆಸರಾಂತ 600 ವ್ಯಾಟ್ ಶಕ್ತಿ ಒಂದು ಮಿಲಿಸೆಕೆಂಡಿನ ಲೆಕ್ಕದ್ದು. ಕೆಟ್ಟ ರೆಗ್ಯುಲೇಟರ್ ಕೊಡುವುದು ಮಿಂಚಿನ ಹೊಡೆತವಲ್ಲ, ಸ್ವಿಚ್ ಆರಿಸುವವರೆಗೂ ನಿಲ್ಲದ ಪ್ರವಾಹ. ಸಾಕೆಟ್ಟಿನ ಬದಿಗೆ ಹಾಕುವ ವೇರಿಸ್ಟರಿಗೂ ಇದೇ ಮಿತಿ: ಕ್ಷಣದ ಸಿಡಿಲಿಗೆ ಅದು ಒಳ್ಳೆಯದು, ನ್ಯೂಟ್ರಲ್ ಹೋಗಿ ನಿಮಿಷಗಟ್ಟಲೆ ನಿಂತ 400 ವೋಲ್ಟಿಗೆ ಅದೇ ಸುಟ್ಟುಹೋಗುತ್ತದೆ. ಹೆಚ್ಚಾದ ವೋಲ್ಟೇಜನ್ನು ನುಂಗಿ ಸರಿಪಡಿಸಲು ಹೋಗುವ ಯಾವ ಉಪಾಯವೂ ಇಲ್ಲಿ ನಿಲ್ಲುವುದಿಲ್ಲ. ಸಪ್ಲೈ ಕೆಟ್ಟಿತೆಂದು ತೀರ್ಮಾನಿಸಿ ಅದನ್ನು ಅಲ್ಲಿಗೇ ಮುಗಿಸುವ ಉಪಾಯ ಬೇಕು.

ಅಂಥ ಉಪಾಯಕ್ಕೆ ಎಲೆಕ್ಟ್ರಾನಿಕ್ಸಿನಲ್ಲಿ ಕ್ರೌಬಾರ್ ಎಂದು ಹೆಸರು. ಸಪ್ಲೈಯಿಂದ ಬರುವ ತಂತಿಗೆ ಮೊದಲು ಒಂದು ಫ್ಯೂಜ್, ಅದರ ಆಚೆ, ಐದು ವೋಲ್ಟಿಗೂ ಗ್ರೌಂಡಿಗೂ ಅಡ್ಡಲಾಗಿ ಒಂದು ಎಸ್‌ಸಿಆರ್, ಅದರಾಚೆ ಕಂಪ್ಯೂಟರ್. ಎಲ್ಲ ಸರಿಯಿದ್ದಾಗ ಎಸ್‌ಸಿಆರ್ ತೆರೆದ ಸ್ವಿಚ್ಚಿನಂತಿದ್ದು ಯಾವುದಕ್ಕೂ ಅಡ್ಡಬರುವುದಿಲ್ಲ. ವೋಲ್ಟೇಜು ಗೆರೆ ದಾಟಿದ ಕ್ಷಣ ಅದರ ಗೇಟಿಗೆ ಸಂಕೇತ ಹೋಗುತ್ತದೆ. ಕೆಲವು ಮೈಕ್ರೋಸೆಕೆಂಡುಗಳಲ್ಲಿ ಅದು ತಂತಿಯನ್ನು ಗ್ರೌಂಡಿಗೆ ಕಟ್ಟಿಹಾಕಿ ಸುಮಾರು ಒಂದು ವೋಲ್ಟಿಗೆ ಇಳಿಸುತ್ತದೆ. ಒಮ್ಮೆ ಹಿಡಿದರೆ ಕರೆಂಟು ನಿಲ್ಲುವವರೆಗೂ ಬಿಡದಿರುವುದು ಎಸ್‌ಸಿಆರಿನ ಗುಣ. ಫ್ಯೂಜ್ ಸುಡಲು ಕೆಲವು ಮಿಲಿಸೆಕೆಂಡಿನಿಂದ ಕೆಲವು ಸೆಕೆಂಡು ಹಿಡಿಯಬಹುದು, ಆದರೆ ಅಷ್ಟರಲ್ಲಿ ಕಂಪ್ಯೂಟರ್ ಆಗಲೇ ಸುರಕ್ಷಿತ. ಈ ಮಧ್ಯೆ ನಾಲ್ಕು ಆಂಪಿಯರ್ ಹರಿದರೂ ಎಸ್‌ಸಿಆರ್ ನಾಲ್ಕು ವ್ಯಾಟಿನಷ್ಟು ಬಿಸಿಯಾಗುತ್ತದೆ. ಹಾಗಾಗಿ ಬಿಟಿ151ರಂಥ ಗಟ್ಟಿ ಎಸ್‌ಸಿಆರ್, ಅದಕ್ಕೊಂದು ಪುಟ್ಟ ಹೀಟ್‌ಸಿಂಕ್ ಬೇಕು, 1.5 ಆಂಪಿಯರಿನ ಪೆಟ್ಟಿಗೆಗೆ 2 ಆಂಪಿಯರಿನ ಫಾಸ್ಟ್ ಫ್ಯೂಜ್ ಸಾಕು.

ಗೆರೆ ಎಲ್ಲಿ ಎಳೆಯಬೇಕೆಂಬುದರಲ್ಲೇ ಜಾಣ್ಮೆ ಇರುವುದು. 5.25ರವರೆಗೆ ಸಪ್ಲೈ ಸರಿಯಿದೆ ಎಂದೇ ಲೆಕ್ಕ, 7ರಲ್ಲಿ ಚಿಪ್ಪು ಸಾಯಬಹುದು. ನಡುವಿನ ಈ ಸಂದಿಯಲ್ಲಿ ಕೆಳಭಾಗಕ್ಕೆ ಹತ್ತಿರವಿರುವ 5.5 ನನ್ನ ಆಯ್ಕೆ. ಹಳೆಯ ನಕ್ಷೆಗಳಲ್ಲಿ 5.1 ವೋಲ್ಟಿನ ಜೀನರ್ ಡಯೋಡನ್ನು ನೇರ ಗೇಟಿಗೆ ಜೋಡಿಸಿರುತ್ತಾರೆ. ಗೇಟಿನ ಮುಕ್ಕಾಲು ವೋಲ್ಟ್ ಸೇರಿ ಅದು ಹೊಡೆಯುವುದು 5.6ರಿಂದ 6.2ರೊಳಗೆ ಎಲ್ಲೋ, ಅಷ್ಟು ಕಡಿಮೆ ವೋಲ್ಟಿನ ಜೀನರ್ ಗೆರೆಗೆ ಮುಂಚೆಯೇ ಸೋರಲು ಶುರುಮಾಡುತ್ತದೆ, ಸೆಕೆ ಹೆಚ್ಚಿದರೆ ಗೇಟಿನ ಗೆರೆಯೂ ಸರಿಯುತ್ತದೆ. ಏನೂ ಇಲ್ಲದಿರುವುದಕ್ಕಿಂತ ಅದು ಮೇಲು, ಆದರೆ ಇಂದು ಅದಕ್ಕಿಂತ ಒಳ್ಳೆಯದು ಅಷ್ಟೇ ಅಗ್ಗದಲ್ಲಿದೆ. ಟಿಎಲ್431 ಎಂಬ ಮೂರು ಕಾಲಿನ ಚಿಪ್ಪು ತನ್ನೊಳಗೆ 2.5 ವೋಲ್ಟಿನ ಅಳತೆಗೋಲು ಇಟ್ಟುಕೊಂಡಿದೆ. ಐದು ವೋಲ್ಟಿನ ತಂತಿಯಿಂದ ಅದರ ಅಳತೆಯ ಕಾಲಿಗೆ 12 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ 10 ಕಿಲೋ ಓಮ್ ಹಾಕಿದರೆ, ತಂತಿ 5.5 ತಲುಪಿದಾಗ ಆ ಕಾಲಿಗೆ ಸರಿಯಾಗಿ ಎರಡೂವರೆ ಸಿಗುತ್ತದೆ. ಆಗ ಅದು ಕರೆಂಟು ಹರಿಯಬಿಟ್ಟು ಒಂದು ಪಿಎನ್‌ಪಿ ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ, ಟ್ರಾನ್ಸಿಸ್ಟರ್ ಗೇಟಿಗೆ ಕರೆಂಟು ಕೊಡುತ್ತದೆ. ಎರಡು ಪ್ರತಿಶತದ ಚಿಪ್ಪು, ಒಂದು ಪ್ರತಿಶತದ ರೆಸಿಸ್ಟರುಗಳಲ್ಲಿ ಅತಿ ಕೆಟ್ಟ ಲೆಕ್ಕ ಹಿಡಿದರೂ ಗೆರೆ 5.3 ಮತ್ತು 5.7ರ ನಡುವೆಯೇ ಬೀಳುತ್ತದೆ. ಗೆರೆಗೆ ಮುಂಚೆಯೂ ಟಿಎಲ್431 ಅಷ್ಟಿಷ್ಟು ಕರೆಂಟು ಎಳೆಯುವುದರಿಂದ ಟ್ರಾನ್ಸಿಸ್ಟರಿನ ಬೇಸಿಗೂ ಎಮಿಟರಿಗೂ ನಡುವೆ 470 ಓಮ್ ಇರಲೇಬೇಕು. ಅದನ್ನು ಮರೆತರೆ ಕಾವಲುಗಾರ ಕಾರಣವಿಲ್ಲದೆ ಕೂಗಿಕೊಳ್ಳುತ್ತಾನೆ.

ಕಾರಣವಿಲ್ಲದೆ ಹೊಡೆಯುವ ಈ ಭಯವೇ ಕ್ರೌಬಾರಿಗೆ ಬರುವ ಗಟ್ಟಿ ಆಕ್ಷೇಪ. ಸ್ವಿಚ್ ಹಾಕಿದ ಕ್ಷಣ ವೋಲ್ಟೇಜು ತುಸು ಜಿಗಿದರೂ ಫ್ಯೂಜ್ ಹೋದರೆ ಯಾರಿಗೆ ತಾಳ್ಮೆ ಇರುತ್ತದೆ? ಅದಕ್ಕೆ ರಿಲೇ ಮೇಲೆಂದು ಕೆಲವರ ವಾದ: ಹೆಚ್ಚಾದಾಗ ತಂತಿ ಕಡಿದರಾಯಿತು, ಫ್ಯೂಜ್ ಬದಲಿಸುವ ರಗಳೆಯಿಲ್ಲ. ವೇಗದ ಲೆಕ್ಕ ನೋಡಿ. ತಂತಿಯ ಮೇಲೆ 1000 ಮೈಕ್ರೋಫ್ಯಾರಡಿನ ಕೆಪಾಸಿಟರ್ ಇದ್ದು, ಕೆಟ್ಟ ರೆಗ್ಯುಲೇಟರಿನಿಂದ ಎರಡು ಆಂಪಿಯರ್ ಹೆಚ್ಚಿಗೆ ಬಂದರೆ, 5.5ರಿಂದ 7ಕ್ಕೆ ಏರಲು ಹಿಡಿಯುವುದು ಮುಕ್ಕಾಲು ಮಿಲಿಸೆಕೆಂಡು. ಸಾಮಾನ್ಯ ರಿಲೇ ಬಿಡಲು ಹಲವು ಮಿಲಿಸೆಕೆಂಡು ಬೇಕು. ರಿಲೇ ಬದಲು ಮಾಸ್‌ಫೆಟ್ ಹಾಕಿದರೆ ವೇಗದ ಸಮಸ್ಯೆ ಹೋಗುತ್ತದೆ, ಆದರೆ ಅದೇ ಶಾರ್ಟ್ ಆಗಿ ಕೆಟ್ಟರೆ ಕಡಿಯಬೇಕಾದಾಗ ಕಡಿಯುವುದಿಲ್ಲ; ಎಸ್‌ಸಿಆರ್ ಶಾರ್ಟ್ ಆದರೆ ಹೆಚ್ಚೆಂದರೆ ಫ್ಯೂಜ್ ಹೋಗುತ್ತದೆ. ಕೆಟ್ಟರೂ ಸುರಕ್ಷಿತ ಬದಿಗೇ ಕೆಡುವ ಈ ಗುಣಕ್ಕಾಗಿ ಒಂದೆರಡು ಸುಳ್ಳು ಕೂಗನ್ನು ಸಹಿಸಬಹುದು. ಅದೂ ಬೇಡವೆಂದರೆ ಅಳತೆಯ ಕಾಲಿನಿಂದ ಗ್ರೌಂಡಿಗೆ 4.7 ನ್ಯಾನೋಫ್ಯಾರಡಿನ ಕೆಪಾಸಿಟರ್ ಸಾಕು. ಹತ್ತಾರು ಮೈಕ್ರೋಸೆಕೆಂಡಿನ ತಡ ಸಿಕ್ಕಿ ಸಣ್ಣ ಜಿಗಿತಗಳು ದಾಟಿಹೋಗುತ್ತವೆ.

ಇಷ್ಟೆಲ್ಲ ಏಕೆ, ಹಳೆಯ ಪೆಟ್ಟಿಗೆ ಎಸೆದು ಹೊಸ ಸಪ್ಲೈ ಕೊಂಡರಾಯಿತು ಎನ್ನುವವರೂ ಇದ್ದಾರೆ. ಕೊಳ್ಳಬೇಕಾದದ್ದೇ. ಆದರೆ ಅಗ್ಗದ ಸ್ವಿಚಿಂಗ್ ಸಪ್ಲೈಗಳಲ್ಲಿ ಹೊರಗಿನ ವೋಲ್ಟೇಜಿನ ಸುದ್ದಿ ಒಳಗೆ ಮುಟ್ಟಿಸುವುದು ಒಂದು ಆಪ್ಟೋಕಪ್ಲರ್. ಆ ದಾರಿ ಕಡಿದರೆ, ಬೇರೆ ರಕ್ಷಣೆ ಇಲ್ಲದ ಪಕ್ಷದಲ್ಲಿ, ಅದೂ ಮೇಲಕ್ಕೇ ಓಡುತ್ತದೆ. ಹೊಸದು ಹಳೆಯದಾಗುವುದು ಕಾಲದ ಮಾತು ಅಷ್ಟೇ. ಫೋನಿನಲ್ಲೇ ಎಮ್ಯುಲೇಟರ್ ಓಡುವಾಗ ಯಂತ್ರವೇ ಏಕೆ ಎಂದರೆ, ಪ್ರೋಗ್ರಾಮು ಉಳಿಸಲು ಯಂತ್ರ ಬೇಕಿಲ್ಲ, ನಿಜ. ಆದರೆ ಕಮೊಡೋರಿನ ಸದ್ದು ಹೊರಡಿಸುವ 6581 ಚಿಪ್ಪನ್ನು ಈಗ ಯಾರೂ ತಯಾರಿಸುತ್ತಿಲ್ಲ, ಕಂಪನಿಯೇ 1994ರಲ್ಲಿ ಮುಚ್ಚಿತು. ಸುಟ್ಟ ಒಂದೊಂದು ಚಿಪ್ಪೂ ಲೆಕ್ಕದಿಂದ ಕಳೆದುಹೋದದ್ದೇ.

ಕಟ್ಟಿದ ಸರ್ಕ್ಯೂಟನ್ನು ಕಂಪ್ಯೂಟರಿಗೆ ಹಚ್ಚಿ ಪರೀಕ್ಷಿಸುವುದು ಮಾತ್ರ ಬೇಡ. ಕರೆಂಟಿನ ಮಿತಿ ಇಡಬಹುದಾದ, ವೋಲ್ಟೇಜು ತಿರುಗಿಸಬಹುದಾದ ಸಪ್ಲೈ ತೆಗೆದುಕೊಂಡು, ಕಂಪ್ಯೂಟರಿನ ಜಾಗದಲ್ಲಿ ಕಾರಿನ 12 ವೋಲ್ಟಿನ ಬಲ್ಬು ಹಚ್ಚಿ, ಐದರಿಂದ ಮೆಲ್ಲಗೆ ಮೇಲೇರಿಸಿ ಮೀಟರ್ ನೋಡಬೇಕು. 5.3ಕ್ಕಿಂತ ಮುಂಚೆ ಹೊಡೆದರೂ 5.7 ದಾಟಿದರೂ ರೆಸಿಸ್ಟರುಗಳನ್ನು ಮತ್ತೊಮ್ಮೆ ಅಳೆಯಿರಿ. ಕಮೊಡೋರಿಗೆ ಹೋಗುವ 9 ವೋಲ್ಟಿನ ಎ.ಸಿ. ತಂತಿಯನ್ನು ಈ ಸರ್ಕ್ಯೂಟ್ ಮುಟ್ಟುವುದೇ ಇಲ್ಲ. ಲೈನು ಏರಿದರೆ ಅದೂ ಏರುತ್ತದೆ. ಅಲ್ಲಿಗೆ ಯಂತ್ರದೊಳಗಿನ ಫ್ಯೂಜು, ಗೋಡೆಯ ಬಳಿಯ ಸ್ಟೆಬಿಲೈಜರ್ ಇವೇ ಆಸರೆ. ಇನ್ನು ಕ್ರೌಬಾರಿನ ಫ್ಯೂಜ್ ಹೋದ ದಿನ, ಮನೆಯ ಮೇನ್ ಬೋರ್ಡಿಗೆ ಮಾಡುವಂತೆ ಒಂದೆಳೆ ತಾಮ್ರದ ತಂತಿ ಸುತ್ತಿ ಮತ್ತೆ ಸ್ವಿಚ್ ಹಾಕಬಾರದು. ತಂತಿ ಸುಡುವುದಿಲ್ಲ, ಎಸ್‌ಸಿಆರ್ ಬಿಡುವುದಿಲ್ಲ, ಟ್ರಾನ್ಸ್‌ಫಾರ್ಮರ್ ಕಾದು ಹೊಗೆ ಬರುತ್ತದೆ. ಮೊದಲು ಆ ಪೆಟ್ಟಿಗೆಯ ಐದು ವೋಲ್ಟನ್ನು ಮೀಟರಿನಲ್ಲಿ ಅಳೆಯಬೇಕು. ಅದು ಎಂಟೋ ಒಂಬತ್ತೋ ತೋರಿಸಿದರೆ ಎಪಾಕ್ಸಿ ಕೆರೆಯುತ್ತ ಕೂರದೆ ಪೆಟ್ಟಿಗೆಯನ್ನು ಗುಜರಿಗೆ ಕೊಡುವುದೇ ಸರಿ.